ಮಾಳವ್ವನ ಹೊರೆಗಲ್ಲು

ಈಶ್ವರಮ್ಮ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಾಗ ಸೊಸೆ ಸುಷ್ಮಿತಾ ಮೊಬೈಲ್ ಹಿಡಿದು ಹಟ್ಟಿಯ ಬಾಗಿಲಿಗೆ ಬಂದಳು.

"ಅತ್ತೆ, ನೋಡ್ರಿ ಇಲ್ಲಿ. ನಮ್ಮೂರಾಗೆ ಸಾವಿರ ವರ್ಷದ ಗುಡಿ ಸಿಕ್ಕೈತಂತೆ."

ಈಶ್ವರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಏರಿಸಿಕೊಂಡು ನೋಡಿದಳು. ನೆಟ್ಟ ಎರಡು ಕಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು. ಅಡ್ಡಗಲ್ಲಿನ ನಡುವೆ ಕೆತ್ತಿದ ತಾವರೆ. ತಾವರೆಗೆ ಕುಂಕುಮ ಮೆತ್ತಿದ್ದರು. ಮೇಲೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಬಾವುಟ. ಕೆಳಗಿದ್ದ ಬರಹವನ್ನು ಅವಳು ಬೆರಳಿಟ್ಟು ಓದಿದಳು: 'ಕೆಂಚಿಕೊಪ್ಪದ ಮಸೀದಿ ಜಾಗದಲ್ಲಿ ಪುರಾತನ ದೇವಾಲಯದ ಬಾಗಿಲು ಪತ್ತೆ. ಎಲ್ಲರೂ ಎದ್ದೇಳಿ.'

ಎರಡನೇ ಸಲ ಓದಿದಳು. ತಪ್ಪೇನೂ ಓದಿರಲಿಲ್ಲ.

"ಯಾವ ಮುಂಡೇಮಗ ಇದಕ್ಕೆ ಕುಂಕುಮ ಹಚ್ಚಿದ್ದು?"

"ಹಂಗನ್ನಬ್ಯಾಡ್ರಿ ಅತ್ತೆ, ದೇವ್ರು."

"ದೇವ್ರಲ್ಲ ಕಣೆ ಅದು. ನಿನ್ನ ಗಂಡನ ಅಕ್ಕ, ಮಾಳವ್ವ."

ಸುಷ್ಮಿತಾ ಆ ಅತ್ತಿಗೆಯನ್ನು ಕಂಡವಳಲ್ಲ. ಮಾಳವ್ವ ಸತ್ತು ಇಪ್ಪತ್ತೆಂಟು ವರ್ಷ ಆಗಿತ್ತು. ತವರಿಗೆ ಬಾಣಂತನಕ್ಕೆಂದು ಬಂದವಳು, ಇಪ್ಪತ್ತರ ಹುಡುಗಿ. ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಶಿಕಾರಿಪುರದ ಆಸ್ಪತ್ರೆಗೆಂದು ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ, ಊರ ಹೊರಗಿನ ರಸ್ತೆ ತಿರುವಿನಲ್ಲಿ, ಹೊಟ್ಟೆಯಲ್ಲಿದ್ದುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗಿಬಿಟ್ಟಳು.

ಹಾಗೆ ಹೆರದೆ ಸತ್ತವಳಿಗೆ ಹೊರೆಗಲ್ಲು ನೆಡಿಸಬೇಕು ಎನ್ನುವುದು ಹಿಂದಿನವರು ನಡೆಸಿಕೊಂಡು ಬಂದ ಕ್ರಮ. ಕತ್ತಿನ ಎತ್ತರಕ್ಕೆ ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಹೊದಿಸುವುದು. ಸೌದೆಯೋ ಹುಲ್ಲೋ ತಲೆಯ ಮೇಲೆ ಹೊತ್ತು ಒಬ್ಬಳೇ ಬರುವ ಹೆಂಗಸು, ಯಾರ ಕೈಯನ್ನೂ ಕಾಯದೆ ಅಲ್ಲಿ ಹೊರೆ ಇಳಿಸಬಹುದು, ಉಸಿರು ತೆಗೆದುಕೊಂಡು ಮತ್ತೆ ತಾನೇ ಹೊತ್ತುಕೊಳ್ಳಬಹುದು. ಹೀಗೆ ದಾರಿಯವರು ಒಂದೊಂದು ಹೊರೆ ಇಳಿಸಿದಾಗಲೂ ಸತ್ತವಳ ಭಾರ ಒಂದಿಷ್ಟು ಇಳಿಯುತ್ತದೆ ಎಂದು ನಂಬಿಕೆ. ಆ ಕಲ್ಲಿಗೆ ಪೂಜೆಯಿಲ್ಲ, ಆರತಿಯಿಲ್ಲ. ಕುಂಕುಮ ಹಚ್ಚಿ ದೇವರು ಮಾಡಿದರೆ ಅದರ ಮೇಲೆ ಹೊರೆ ಇಡುವವರು ಯಾರು?

ಗಂಡ ಉಜ್ಜಪ್ಪ ಬಂದಳಿಕೆ ಕಡೆ ಕುರಿ ಮಂದೆ ಹಾಕಲು ಹೋದಾಗ ಹೊಲವೊಂದರ ಬದುವಿನಲ್ಲಿ ಬಿದ್ದಿದ್ದ ಚಪ್ಪಡಿ ನೋಡಿ ಬಂದಿದ್ದ. ಹೊಲದವನನ್ನು ಕೇಳಿ, ಗಾಡಿ ಕಟ್ಟಿಕೊಂಡು ಹೋಗಿ ತಂದ. ಅದರಲ್ಲಿ ತಾವರೆ ಇತ್ತು. ಇದ್ದರೆ ಇರಲಿ ಅಂದಿದ್ದ. ಆ ಸೀಮೆಯ ನೆಲವೇ ಹಾಗೆ. ಬಳ್ಳಿಗಾವಿಯಿಂದ ಉಡುತಡಿಯವರೆಗೆ ಗುದ್ದಲಿ ಹಾಕಿದಲ್ಲೆಲ್ಲ ಕೆತ್ತಿದ ಕಲ್ಲು ಏಳುತ್ತದೆ. ಒಬ್ಬರ ಬಚ್ಚಲ ಮೆಟ್ಟಿಲಲ್ಲಿ ಹಂಸದ ಸಾಲು, ಇನ್ನೊಬ್ಬರ ಬಟ್ಟೆ ಒಗೆಯುವ ಕಲ್ಲಿನಡಿ ಶಾಸನ. ಯಾವ ರಾಜನ ಕಾಲದ್ದೋ ಯಾರಿಗೆ ಗೊತ್ತು, ಸಿಕ್ಕಿದ್ದನ್ನು ಜನ ಬಳಸಿಕೊಂಡು ಬಂದಿದ್ದರು. ಹೀಗಾಗಿ ಕೆತ್ತನೆ ಕಂಡರೆ ಸಾಕು, ಅಲ್ಲೊಂದು ಗುಡಿ ಇತ್ತು ಎಂದರೆ ನಂಬುವುದು ಅಲ್ಲಿಯವರಿಗೆ ಕಷ್ಟವಲ್ಲ.

ಕಲ್ಲು ನೆಟ್ಟ ಜಾಗ ಗೊಬ್ಬರದಂಗಡಿಯ ಮಹೇಶ್ವರಪ್ಪನವರದು. ಆಗ ಅವರ ತಂದೆ ವೀರಬಸಪ್ಪ ಇದ್ದರು. "ನೆಡ್ರೋ, ನಮ್ಮನೆ ಆಳುಗಳಿಗೂ ಹೊರೆ ಇಳಿಸಾಕೆ ಆಗ್ತೈತಿ" ಅಂದಿದ್ದರು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ಇದೇ ಮಹೇಶ್ವರಪ್ಪ. ಆಮೇಲೆ ಆಟೋ ಬಂದವು, ಟಂಟಂ ಬಂದವು, ತಲೆ ಹೊರೆ ಕಡಿಮೆಯಾಯಿತು, ಲಂಟಾನ ಬೆಳೆದು ಕಲ್ಲನ್ನು ಮುಚ್ಚಿತು. ಹೋದ ವರ್ಷ ಮಹೇಶ್ವರಪ್ಪ ಆ ಜಾಗವನ್ನು ಮಸೀದಿ ಕಮಿಟಿಗೆ ಕ್ರಯಕ್ಕೆ ಕೊಟ್ಟರು. ಪೇಟೆಯೊಳಗಿನ ಹಳೇ ಮಸೀದಿಯ ತಗಡು ಸೋರುತ್ತಿತ್ತು, ಶುಕ್ರವಾರ ಅರ್ಧ ಜನ ಚರಂಡಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಖರೀದಿ ಪತ್ರ ಆಗಿ, ಪರವಾನಗಿ ಬಂದು, ಪೊದೆ ತೆಗೆಯಲು ಜೆಸಿಬಿ ನಿಂತ ದಿನವೇ ಕಲ್ಲು ಕಾಣಿಸಿತು. ಮರುದಿನ ಬೆಳಿಗ್ಗೆ 'ಪುರಾತನ ದೇವಾಲಯ ಸಂರಕ್ಷಣಾ ಸಮಿತಿ' ಹುಟ್ಟಿತು. ಅಧ್ಯಕ್ಷರು ಜಾಗ ಮಾರಿದ ಮಹೇಶ್ವರಪ್ಪನವರೇ. ಕಾರ್ಯದರ್ಶಿ ಈಶ್ವರಮ್ಮನ ಮಗ ಹರೀಶ.

ಮಧ್ಯಾಹ್ನ ಊಟಕ್ಕೆ ಬಂದ ಹರೀಶನ ತಟ್ಟೆಗೆ ಮುದ್ದೆ ಹಾಕಿ ಈಶ್ವರಮ್ಮ ಎದುರಿಗೇ ಕೂತಳು.

"ಹರೀಶ, ಆ ಕಲ್ಲು ಯಾರ್ದು?"

"ಯಾವ ಕಲ್ಲು?"

"ಗಾಡಿ ಮ್ಯಾಲೆ ಕುಂತು ನೀನು ಹಿಡ್ಕಂಡು ಬಂದಿದ್ದ ಕಲ್ಲು. ಬೆರಳು ಜಜ್ಜಿತು ಅಂತ ದಾರಿಯುದ್ದಕ್ಕೂ ಅತ್ತಿದ್ದ ಕಲ್ಲು."

ಹರೀಶ ಮುದ್ದೆ ಮುರಿದ. ಸಾರಿಗೆ ಅದ್ದಿದ. ನುಂಗಲಿಲ್ಲ.

"ಅವ್ವ, ಕೆತ್ತನೆ ಹಳೇದು ಹೌದೋ ಅಲ್ಲೋ? ಅಪ್ಪ ತಂದಿದ್ದು ಗುಡಿ ಕಲ್ಲೇ ತಾನೆ? ಹಂಗಿದ್ದ ಮ್ಯಾಲೆ ಗುಡಿ ಅಂದ್ರೆ ಸುಳ್ಳೇನಾತು?"

"ನಮ್ಮ ಬಚ್ಚಲ ಕಲ್ಲೂ ಅಂಥದ್ದೇ ಐತಲ್ಲ. ಅದಕ್ಕೂ ಗೋಪುರ ಕಟ್ಟಿಸ್ತೀಯಾ? ಸ್ನಾನಕ್ಕೆ ಎಲ್ಲಿಗೆ ಹೋಗಾನ ನಾವು?"

ಸುಷ್ಮಿತಾಗೆ ನಗು ಬಂದು ಒಲೆಯ ಕಡೆ ತಿರುಗಿಕೊಂಡಳು. ಹರೀಶನಿಗೆ ಅದು ಇನ್ನೂ ಉರಿಯಿತು.

"ನಿಂಗೆ ತಿಳಿಯಲ್ಲವ್ವ. ಸಾವ್ಕಾರ್ರ ಅಂಗಡಿ ಮುಂದೆ ಹತ್ತು ವರ್ಷ ಗೊಬ್ಬರದ ಚೀಲ ಹೊತ್ತೀನಿ. ಒಂದಿನ ಒಳಗೆ ಬಂದು ಕುಂದ್ರು ಅಂದಿಲ್ಲ. ಕುರಿ ಕಾಯೋರ ಮಗ ಅಲ್ವಾ. ಈಗ ಅವ್ರೇ ಕುರ್ಚಿ ಎಳೆದು ಕೊಡ್ತಾರೆ. ಕಾರ್ಯದರ್ಶಿಗಳೇ ಅಂತಾರೆ. ಸೊರಬದಿಂದ, ಶಿಕಾರಿಪುರದಿಂದ ಫೋನ್ ಮಾಡಿ ನನ್ನನ್ನ ಕೇಳ್ತಾರೆ, ಎಷ್ಟು ಬೈಕು ತರಬೇಕು ಅಂತ."

"ಅಕ್ಕನ ಎದೆ ಮ್ಯಾಲೆ ಕುರ್ಚಿ ಹಾಕ್ಕಂಡು ಕುಂತೀನಿ ಅನ್ನು."

"ಸತ್ತೋಳಿಗೆ ಏನಾಗ್ತೈತಿ? ಹೂವು ತಾನೇ ಹಾಕೀವಿ, ಸಗಣಿ ಹಾಕಿಲ್ಲವಲ್ಲ."

ಈಶ್ವರಮ್ಮ ಎದ್ದು ನಿಂತಳು. ಅರವತ್ತಾರು ವರ್ಷದಲ್ಲಿ ಅವಳು ಯಾರಿಗೂ ತಟ್ಟೆಯ ಮುಂದೆ ಬೈದವಳಲ್ಲ. ಮಂದೆಗೆ ತೋಳ ಬಿದ್ದಾಗಲೂ, ಗಂಡ ಸತ್ತು ಭಾಗದವರು ಜಗಳಕ್ಕೆ ಬಂದಾಗಲೂ ತಾಳಿಕೊಂಡವಳು. ತಾಳ್ಮೆ ಅಂದರೆ ಇಷ್ಟು ದಿನ ಅವಳಿಗೆ ಒಳ್ಳೆಯ ಗುಣವಾಗಿತ್ತು. ಈಗ ಅದು ಗಂಟಲಲ್ಲಿ ಸಿಕ್ಕಿಕೊಂಡ ಎಲುಬಿನ ಹಾಗಿತ್ತು.

"ಗುರುವಾರ ತಹಶೀಲ್ದಾರ್ರು ಜಾಗ ನೋಡಾಕೆ ಬರ್ತಾರಂತಲ್ಲ. ಅಷ್ಟರೊಳಗೆ ನೀನೇ ಹೋಗಿ ಹೇಳು, ಇದು ನಮ್ಮಕ್ಕನ ಹೊರೆಗಲ್ಲು ಅಂತ. ನಿನ್ನ ಬಾಯಿಂದ ಬಂದ್ರೆ ನಿನ್ನ ಮಾನ ಉಳೀತೈತಿ."

"ಹೇಳಿದ್ರೆ ಏನಾಗ್ತೈತಿ ಗೊತ್ತಾ? ಸುಳ್ಳು ಸುದ್ದಿ ಹಬ್ಬಿಸ್ದ ಅಂತ ನನ್ನ ಮ್ಯಾಲೇ ಕೇಸು. ನೀನು ಬಾಯಿ ಮುಚ್ಕಂಡು ಮನೇಲಿರು."

ಕೈ ತೊಳೆದು ಹೊರಟುಹೋದ. ಮುದ್ದೆ ತಟ್ಟೆಯಲ್ಲೇ ಇತ್ತು. ಈಶ್ವರಮ್ಮ ಅದನ್ನು ನಾಯಿಗೆ ಹಾಕಿದಳು.

ಅದೇ ಸಂಜೆ ಫಕ್ರುಸಾಬರ ಅಂಗಡಿಗೆ ಹೋದಳು. ಫಕ್ರುಸಾಬ್ ಕುರಿ ವ್ಯಾಪಾರಿ, ಮಸೀದಿ ಕಮಿಟಿಯ ಮುಖ್ಯಸ್ಥ. ಮೂವತ್ತು ವರ್ಷದಿಂದ ಅವಳ ಮಂದೆಯ ಟಗರುಗಳನ್ನು ಕೊಳ್ಳುತ್ತಿದ್ದವನು. ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಅದರ ಮೇಲೆ ಮೂರು ಕಡೆ ತಗ್ಗು ಬಿದ್ದಿತ್ತು.

"ನಿನ್ನೆ ಕಲ್ಲು ಹೊಡೆದ್ರು ಅಕ್ಕ" ಅಂದ ಫಕ್ರುಸಾಬ್, ಅವಳು ನೋಡುತ್ತಿದ್ದುದನ್ನು ಕಂಡು. "ಯಾರೂಂತ ಕೇಳಬ್ಯಾಡ್ರಿ. ನಾನೂ ಕೇಳಿಲ್ಲ."

ಹರೀಶ ಇದ್ದನೇ ಎಂದು ಕೇಳಲು ಅವಳಿಗೂ ಧೈರ್ಯವಾಗಲಿಲ್ಲ. ಕೇಳಲೆಂದು ಬಂದ ಮಾತನ್ನೇ ಕೇಳಿದಳು.

"ಫಕ್ರುಸಾಬ್, ನಿಮ್ಮವ್ವ ಹುಸೇನ್‌ಬಿ ಸೌದೆ ಹೊತ್ತು ಬರುವಾಗ ಎಲ್ಲಿ ಇಳಿಸ್ತಿದ್ಲು?"

"ಮಾಳವ್ವನ ಕಲ್ಲಿನ ಮ್ಯಾಲೆ."

"ಅಂದ್ರೆ ನಿನಗೆ ಗೊತ್ತಿತ್ತು."

"ಗೊತ್ತಿತ್ತಕ್ಕ."

"ಮತ್ತೆ ಜೆಸಿಬಿ ತಂದು ನಿಲ್ಲಿಸಿದ್ಯಲ್ಲ?"

ಫಕ್ರುಸಾಬ್ ಸ್ಟೂಲು ಸರಿಸಿ ಕೊಟ್ಟ. ಅವಳು ಕೂರಲಿಲ್ಲ.

"ವಕೀಲ್ರು ಅಂದ್ರು, ಜಾಗದಾಗೆ ಯಾವ ಹಳೇ ಕಲ್ಲೂ ಇಲ್ಲಾಂತ ಬರೆದು ಕೊಡ್ರಿ, ಇಲ್ಲಾಂದ್ರೆ ಫೈಲು ಅಲ್ಲೇ ಕೊಳೀತೈತಿ ಅಂತ. ಬರೆದು ಕೊಟ್ವಿ. ಮೆಲ್ಲಗೆ ಎತ್ತಿ ಮೂಲೆಗೆ ಇಡು ಅಂತ ಜೆಸಿಬಿಯವನಿಗೆ ಹೇಳಿದ್ದೆ."

"ನಂಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲ. ಟಗರಿಗೆ ಮಾತ್ರ ಹಟ್ಟಿ ತನಕ ಬರ್ತೀಯ."

"ತಪ್ಪಾತಕ್ಕ. ಗುರುವಾರ ನೀವೇ ಬಂದು ಹೇಳ್ರಿ. ನಾವು ಹೇಳಿದ್ರೆ ಯಾರು ನಂಬ್ತಾರೆ? ನೀವಂದ್ರೆ ಈ ಗಲಾಟೆ ನಿಲ್ತೈತಿ."

"ನಿನ್ನ ಸಾಕ್ಷಿ ನುಡಿಯಾಕೆ ನಾನು ಹುಟ್ಟಿಲ್ಲ ಫಕ್ರುಸಾಬ್. ಸಮಿತಿಯೋರೂ ನೀನೂ ಸೇರಿ ನನ್ನ ಮಗಳನ್ನ ಅಳಿಸಾಕೆ ಹೊರಟೀರಿ. ಅವರು ದೇವರು ಮಾಡಿ ಅಳಿಸ್ತಾರೆ, ನೀನು ಮೂಲೆಗೆ ಇಟ್ಟು ಅಳಿಸ್ತೀಯ. ನಂಗೇನು ಫರಕು?"

ಮನೆಗೆ ಬಂದು ಮೂರು ದಿನ ಕಾದಳು. ಮಗ ಬಾಯಿ ಬಿಟ್ಟಾನು ಎಂದು ಕಾದಳು. ಬಿಡಲಿಲ್ಲ. ಮೊಬೈಲಿನಲ್ಲಿ ಮಾತ್ರ ದಿನಕ್ಕೊಂದು ಚಿತ್ರ ಬರುತ್ತಿತ್ತು: ಕಲ್ಲಿಗೆ ಕರ್ಪೂರ, ಕಲ್ಲಿಗೆ ತೆಂಗಿನಕಾಯಿ, ಕಲ್ಲಿನ ಮುಂದೆ ಕೈ ಮುಗಿದು ನಿಂತ ಮಹೇಶ್ವರಪ್ಪ. ಯಾರೋ ಅದಕ್ಕೆ ದೇವರ ಹೆಸರನ್ನೂ ಇಟ್ಟಾಗಿತ್ತು.

ಗುರುವಾರ ಹತ್ತು ಗಂಟೆಗೆಲ್ಲ ರಸ್ತೆಯ ಎರಡೂ ಕಡೆ ಜನ. ಈ ಕಡೆ ಬಾವುಟ ಕಟ್ಟಿದ ಬೈಕುಗಳು, ಶಾಮಿಯಾನ, ಮೈಕು. ಆ ಕಡೆ ಬಿಳಿ ಟೋಪಿಗಳು, ಕೈಯಲ್ಲಿ 'ನಮ್ಮ ಜಾಗ ನಮ್ಮ ಹಕ್ಕು' ಎಂದು ಬರೆದ ರಟ್ಟು. ನಡುವೆ ಪೊಲೀಸರ ಸಾಲು. ಒಂದು ಕಡೆಯವರು ಕೂಗಿದ್ದಕ್ಕೆ ಇನ್ನೊಂದು ಕಡೆಯವರು ಕೂಗುತ್ತಿದ್ದರು. ಎರಡೂ ಸೇರಿ ಏನೂ ತಿಳಿಯುತ್ತಿರಲಿಲ್ಲ. ತಹಶೀಲ್ದಾರ್ ಮೇಡಂ, ಇನ್ನೂ ಚಿಕ್ಕ ವಯಸ್ಸಿನವರು, ಜೀಪಿನಿಂದ ಇಳಿದು ಕಲ್ಲಿನ ಹತ್ತಿರ ನಿಂತಿದ್ದರು. ಕಂದಾಯ ಇಲಾಖೆಯ ಆರ್.ಐ. ಮಹಜರಿನ ಹಾಳೆ ಹಿಡಿದಿದ್ದ. ಮಹೇಶ್ವರಪ್ಪ ಮೈಕಿನಲ್ಲಿ, "ನಮ್ಮ ಪೂರ್ವಜರು ಪೂಜಿಸಿದ ಕಲ್ಲು ಇದು" ಎನ್ನುತ್ತಿದ್ದರು.

ಪೊಲೀಸರ ಸಾಲಿನ ಕೊನೆಯಲ್ಲಿ ಒಬ್ಬ ಪೇದೆ ಈಶ್ವರಮ್ಮನನ್ನು ತಡೆದ. ಅವಳ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಅವಳಿಗಿಂತ ಅಗಲವಾದ ಸೊಪ್ಪಿನ ಹೊರೆ.

"ಎಲ್ಲಿಗಜ್ಜಿ?"

"ಹೊರೆ ಇಳಿಸಾಕಪ್ಪ. ಕುತ್ತಿಗೆ ಬಿದ್ದೋಗ್ತೈತಿ, ದಾರಿ ಬಿಡು."

ಸೊಪ್ಪು ಹೊತ್ತ ಮುದುಕಿಗೆ ಯಾರು ಹೆದರುತ್ತಾರೆ? ಬಿಟ್ಟ. ಅವಳು ನೆಟ್ಟಗೆ ಕಲ್ಲಿನ ಹತ್ತಿರ ಹೋದಳು. ಎಡಗೈಯಲ್ಲಿ ಹಾರ ಹಿಡಿದು ಎಳೆದಳು, ಅದು ಕಿತ್ತು ಕೆಳಗೆ ಬಿತ್ತು. ತಲೆ ಮುಂದಕ್ಕೆ ಬಾಗಿಸಿದಳು. ಹೊರೆ ಜಾರಿ ಅಡ್ಡಗಲ್ಲಿನ ಮೇಲೆ ಕೂತಿತು. ತಾವರೆ, ಕುಂಕುಮ ಎಲ್ಲ ಸೊಪ್ಪಿನಡಿ ಹೋಯಿತು.

ಮೈಕು ನಿಂತಿತು. ಎರಡೂ ಕಡೆಯ ಕೂಗು ಒಮ್ಮೆಗೇ ನಿಂತಿತು. ಆಮೇಲೆ ಈ ಕಡೆಯಿಂದ ಗದ್ದಲ ಎದ್ದಿತು. "ಏ ಮುದುಕಿ", "ದೇವರ ಮ್ಯಾಲೆ ಸೊಪ್ಪು ಇಟ್ಲಲ್ಲೋ", "ಹಿಡಿರೋ ಅವಳನ್ನ".

ಈಶ್ವರಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಇದು ಹೊರೆಗಲ್ಲು ಮೇಡಂ. ನನ್ನ ಮಗಳು ಮಾಳವ್ವ ಹೆರಲಾರದೆ ಸತ್ತ ಜಾಗ. ನನ್ನ ಗಂಡ ನೆಟ್ಟಿದ್ದು. ಈ ಸಾವ್ಕಾರ್ರ ತಂದೆ ವೀರಬಸಪ್ಪನವರೇ ಜಾಗ ಕೊಟ್ಟಿದ್ದು. ಕೇಳ್ರಿ, ಪಕ್ಕದಾಗೆ ನಿಂತಿದ್ರು ಇವ್ರು."

ಮಹೇಶ್ವರಪ್ಪ ನಕ್ಕರು. "ಮೇಡಂ, ಇವಳು ಕುರಿ ಮಾರೋದು ಯಾರಿಗೆ ಅಂತ ಕೇಳ್ರಿ ಮೊದ್ಲು. ಅನ್ನ ಹಾಕಿದೋರ ಪರ ಮಾತಾಡ್ತಾಳೆ."

"ಅನ್ನದ ಮಾತು ಬ್ಯಾಡ ಸಾವ್ಕಾರ್ರೆ. ನಾನು ಅವರಿಗೆ ಟಗರು ಮಾರೀನಿ. ನೀವು ಜಾಗನೇ ಮಾರೀರಿ. ದೇವ್ರು ಇರೋದು ಗೊತ್ತಿದ್ರೆ ಯಾಕೆ ಮಾರಿದ್ರಿ?"

ಗುಂಪಿನ ಹಿಂದೆ ನಿಂತಿದ್ದ ಕುರಿಗಾರರು ಕಿಸಕ್ಕನೆ ನಕ್ಕರು. ಮಹೇಶ್ವರಪ್ಪನ ಮುಖ ಕೆಂಪಾಯಿತು.

ತಹಶೀಲ್ದಾರ್ ಕೇಳಿದರು, "ಅಮ್ಮ, ನೀವು ಹೇಳೋದಕ್ಕೆ ಇನ್ನೊಂದು ಸಾಕ್ಷಿ ಬೇಕು. ಯಾರಿದ್ದಾರೆ?"

"ನನ್ನ ಮಗ ಅದಾನೆ. ಸಮಿತಿ ಕಾರ್ಯದರ್ಶಿ. ಗಾಡಿಯಾಗೆ ಈ ಕಲ್ಲು ಹಿಡ್ಕಂಡು ಬಂದೋನೇ ಅವನು."

ಹರೀಶ ಮುಂದೆ ಬಂದ. ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡ. ಅವ್ವನನ್ನು ನೋಡಲಿಲ್ಲ.

"ಅವ್ವನಿಗೆ ವಯಸ್ಸಾತು ಮೇಡಂ. ಈಗೀಗ ಹಿಂಗೇ ಏನೇನೋ ಅಂತಿರ್ತಾಳೆ. ನಂಗಂತೂ ಯಾವ ಕಲ್ಲೂ ನೆನಪಿಲ್ಲ."

ಈಶ್ವರಮ್ಮನ ಕೈ ಮೇಲೆದ್ದಿತು, ಕೆನ್ನೆಗೆ ಬೀಳಬೇಕಿತ್ತು. ಅಷ್ಟರಲ್ಲಿ ಮಹೇಶ್ವರಪ್ಪ ಕೂಗಿದರು: "ಏ ಹರೀಶ, ಏನು ನೋಡ್ತಾ ನಿಂತೀಯೋ, ಎತ್ತಿ ಬಿಸಾಕೋ ಆ ಸೊಪ್ಪನ್ನ."

ಕಾರ್ಯದರ್ಶಿಗಳೇ ಎನ್ನುವುದು ಎಲ್ಲಿ ಹೋಯಿತೋ. ಆ 'ಏ' ಹರೀಶನ ಕಿವಿಗೂ ಬಿದ್ದಿತು. ಅವನು ತುಟಿ ಕಚ್ಚಿಕೊಂಡು ಕಲ್ಲಿನ ಹತ್ತಿರ ಬಂದ.

ಬೇರೆ ಯಾರೇ ಆಗಿದ್ದರೂ ಹೊರೆಯ ಎದುರು ನಿಂತು ಎರಡು ಕೈಯಿಂದ ದಬ್ಬುತ್ತಿದ್ದರು. ಅವನು ದಬ್ಬಲಿಲ್ಲ. ಕಲ್ಲಿಗೆ ಬೆನ್ನು ಕೊಟ್ಟ. ಕಾಲು ಒಂದು ಗೇಣು ಮುಂದಿಟ್ಟು ಮೊಣಕಾಲು ಬಗ್ಗಿಸಿದ. ಹೆಗಲ ಶಾಲನ್ನು ತೆಗೆದು, ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಕೈ ಹಿಂದೆ ಚಾಚಿ, ನೋಡದೆಯೇ ಹಗ್ಗ ಹುಡುಕಿ, ಹೊರೆಯನ್ನು ತಲೆಗೆ ಎಳೆದುಕೊಂಡು ಎದ್ದು ನಿಂತ. ಇಷ್ಟನ್ನೂ ಎರಡು ಉಸಿರಿನಲ್ಲಿ ಮಾಡಿದ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಮೀಸೆ ಬರುವ ತನಕ ದಿನವೂ ಇದೇ ಕಲ್ಲಿನಿಂದ ಹೊತ್ತುಕೊಂಡವನ ಮೈ ಅದು, ಯಾರನ್ನೂ ಕೇಳಲಿಲ್ಲ.

"ಮರ್ತಿಲ್ಲ ಬಿಡೋ ಹರೀಶ" ಅಂದ ಕುರಿಗಾರರಲ್ಲೊಬ್ಬ. "ಕಲ್ಲು ನೆನಪಿಲ್ಲಾಂದ್ರೂ ಬೆನ್ನಿಗೆ ನೆನಪೈತಿ."

ಈ ಸಲ ನಕ್ಕಿದ್ದು ಕುರಿಗಾರರು ಮಾತ್ರವಲ್ಲ. ಹರೀಶ ಹೊರೆ ಹೊತ್ತು ನಿಂತಲ್ಲೇ ನಿಂತ. ತಾನೇನು ಮಾಡಿದೆ ಎಂಬುದು ಆಗ ಅವನಿಗೆ ಹೊಳೆಯಿತು.

"ಇದನ್ನ ಎಲ್ಲಿ ಕಲಿತ್ರಿ?" ತಹಶೀಲ್ದಾರ್ ಕೇಳಿದರು. ಅವರು ಕಲ್ಲಿನ ಎತ್ತರವನ್ನು ಕೈಯಿಂದ ಅಳೆದು ನೋಡಿದರು, ಎರಡು ಕಲ್ಲಿನ ನಡುವೆ ಬಗ್ಗಿ ನೋಡಿದರು. "ಬಾಗಿಲು ಅಂದ್ರಲ್ಲ, ಇದರೊಳಗೆ ಯಾರು ಹೋಗ್ತಾರೆ? ಬರ್ಕೊಳ್ರಿ. ಹೊರೆಗಲ್ಲು."

"ಮಾಳವ್ವನ ಹೊರೆಗಲ್ಲು ಅಂತ ಬರೀರಿ" ಅಂದಳು ಈಶ್ವರಮ್ಮ.

ರಸ್ತೆಯ ಆ ಕಡೆಯಿಂದ ಚಪ್ಪಾಳೆ ಬಿತ್ತು. ಶಿಳ್ಳೆಯೂ ಬಿತ್ತು. "ಗುಡಿ ಅಲ್ಲಾಂತ ಆತಲ್ಲ ಮೇಡಂ, ಇನ್ನು ತೆಗೆಸ್ರಿ" ಅಂತ ಯಾರೋ ಹುಡುಗ ಕೂಗಿದ.

ಈಶ್ವರಮ್ಮ ತಿರುಗಿದಳು. ಪೊಲೀಸರ ಸಾಲನ್ನು ದಾಟಿ ಆ ಕಡೆಗೇ ನಡೆದಳು. ಅವಳ ಮುಖ ನೋಡಿ ಮುಂದಿನ ಸಾಲಿನವರು ಚಪ್ಪಾಳೆ ನಿಲ್ಲಿಸಿದರು.

"ಯಾರಲೇ ಕೂಗಿದ್ದು? ದೇವ್ರಾದ್ರೆ ಇರ್ಬೇಕು, ಹೆಣ್ಣಾದ್ರೆ ತೆಗೀಬೇಕಾ? ನಿಮ್ಮಜ್ಜಿದೀರು ಇದರ ಮ್ಯಾಲೆ ಹೊರೆ ಇಳಿಸಿ ನಿಮ್ಮನ್ನ ಸಾಕ್ಯಾರೆ. ಫಕ್ರುಸಾಬ್, ಬಾ ಇಲ್ಲಿ. ಕಲ್ಲು ಎಲ್ಲಿರ್ತೈತಿ? ಎಲ್ಲರ ಮುಂದೆ ಹೇಳು."

ಫಕ್ರುಸಾಬ್ ಬಂದ. "ಇದ್ದಲ್ಲೇ ಇರ್ತೈತಕ್ಕ."

"ಚಾಚಾ, ಪ್ಲಾನಿನಾಗೆ ಗೇಟು ಬರೋದು ಅಲ್ಲೇ" ಅಂತ ಪಕ್ಕದವನು ಪಿಸುಗುಟ್ಟಿದ.

"ಗೇಟು ಅತ್ಲಾಗೆ ಇಡಾನ."

"ಬಾಯಿಮಾತು ಬ್ಯಾಡ" ಅಂದಳು ಈಶ್ವರಮ್ಮ. "ಜಾಗದಾಗೆ ಕಲ್ಲಿಲ್ಲ ಅಂತ ಬರೆದು ಕೊಟ್ಟ ಕೈ ನಿಂದು. ಐತಿ ಅಂತಲೂ ಅದೇ ಕೈಯಾಗೆ ಬರಿ."

ಆರ್.ಐ. ಬರೆದುಕೊಂಡ: ಕಲ್ಲು ಇದ್ದ ಸ್ಥಳದಲ್ಲೇ ಉಳಿಯತಕ್ಕದ್ದು, ರಸ್ತೆಯ ಕಡೆ ತೆರೆದಿರತಕ್ಕದ್ದು, ಪೂಜೆ ಇಲ್ಲ, ಸ್ಥಳಾಂತರ ಇಲ್ಲ. ಫಕ್ರುಸಾಬ್ ತಲೆ ಬಗ್ಗಿಸಿ ಸಹಿ ಹಾಕಿದ. ಆರ್.ಐ. ಈಶ್ವರಮ್ಮನ ಮುಂದೆ ಇಂಕಿನ ಪ್ಯಾಡು ಹಿಡಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ಅವಳು ಹೆಸರು ಬರೆದು ಮುಗಿಸುವ ತನಕ ಎಲ್ಲರೂ ಕಾಯಬೇಕಾಯಿತು. ಕಾದರು.

"ಎರಡನೇ ಸಾಕ್ಷಿ?" ಆರ್.ಐ. ಹರೀಶನ ಕಡೆ ನೋಡಿದ.

ಹರೀಶನ ತಲೆಯ ಮೇಲೆ ಹೊರೆ ಇನ್ನೂ ಹಾಗೇ ಇತ್ತು. ಹೊರೆ ಇಳಿಸಿಕೊಡಲು ಸಮಿತಿಯವರು ಒಬ್ಬರೂ ಮುಂದೆ ಬರಲಿಲ್ಲ. ಮಹೇಶ್ವರಪ್ಪ ಆಗಲೇ ಕಾರಿನ ಬಾಗಿಲು ತೆಗೆಯುತ್ತಿದ್ದರು. ಗೇಟಿನ ವಿಷಯಕ್ಕೋ ಧ್ವನಿವರ್ಧಕದ ವಿಷಯಕ್ಕೋ ಸೋಮವಾರ ಮತ್ತೆ ಧರಣಿ ಎಂದು ಯಾರಿಗೋ ಹೇಳುತ್ತಿದ್ದರು. ಹರೀಶ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಕಲ್ಲಿನ ಕಡೆಗೇ ತಿರುಗಿ, ತಲೆ ಬಾಗಿಸಿ ಹೊರೆ ಇಳಿಸಿದ. ಹಾಳೆ ತೆಗೆದುಕೊಂಡು, ಏನನ್ನೂ ಓದದೆ, ಕಾಗದ ಹರಿಯುವ ಹಾಗೆ ಸಹಿ ಗೀಚಿದ.

"ಈಗ ಸಮಾಧಾನ ಆತಾ ನಿಂಗೆ?" ಅವ್ವನಿಗಷ್ಟೇ ಕೇಳುವ ಹಾಗೆ ಕೇಳಿದ. "ನನ್ನನ್ನ ಊರ ಮುಂದೆ ಬೆತ್ತಲೆ ಮಾಡಿದ್ಯಲ್ಲ."

"ಇಲ್ಲ" ಅಂದಳು ಈಶ್ವರಮ್ಮ. "ಆಗಿಲ್ಲ. ನಾಲ್ಕು ದಿನ ನಿನ್ನ ಬಾಯಿ ನೋಡ್ತಾ ಕುಂತಿದ್ದೆ. ಅಕ್ಕ ಅನ್ನೋ ಎರಡಕ್ಷರ ಬರಲಿಲ್ಲ. ಕಡೆಗೆ ನಿನ್ನ ಮೈ ಹೇಳಿತು, ನೀನು ಹೇಳಲಿಲ್ಲ. ಅದನ್ನ ನಾನು ಮರೆಯಲ್ಲ."

"ಮನೆಗೆ ಬರ್ಲೋ ಬ್ಯಾಡ್ವೋ?"

"ಮನೆ ನಿಂದೂ ಹೌದು, ಬಾ. ಮುದ್ದೆ ಸುಷ್ಮಿತಾ ಹಾಕ್ತಾಳೆ. ನನ್ನ ಕೈಯಿಂದ ಸದ್ಯಕ್ಕೆ ಬಯಸಬ್ಯಾಡ."

ಹರೀಶ ಬೈಕಿನ ಕಡೆ ಹೋದ. ಜನ ಕರಗತೊಡಗಿದರು. ಈಶ್ವರಮ್ಮ ಹೊರೆಯನ್ನು ಪಕ್ಕಕ್ಕೆ ಸರಿಸಿ, ಅದರಿಂದ ಒಂದು ಹಿಡಿ ಸೊಪ್ಪು ಕಿತ್ತು, ಕಲ್ಲಿನ ಮೇಲಿನ ಕುಂಕುಮ ತಿಕ್ಕತೊಡಗಿದಳು. ಎಣ್ಣೆ ಹಚ್ಚಿ ಮೆತ್ತಿದ್ದರು, ಬೇಗ ಬಿಡಲಿಲ್ಲ. ಸೊಪ್ಪು ಕಪ್ಪಾದರೆ ಎಸೆದು ಇನ್ನೊಂದು ಹಿಡಿ ಕೀಳುತ್ತಿದ್ದಳು. ಫಕ್ರುಸಾಬ್ ಹತ್ತಿರ ಬಂದು, "ನಾನು ತೊಳೆಸ್ತೀನಿ ಬಿಡ್ರಕ್ಕ, ನೀವು ಹೋಗ್ರಿ" ಅಂದ.

"ಮುಟ್ಟಬ್ಯಾಡ" ಅಂದಳು, ತಲೆ ಎತ್ತದೆ. "ಇವತ್ತು ಯಾರೂ ಮುಟ್ಟಬ್ಯಾಡ್ರಿ."